ಗಾಳಿ ಇಲ್ಲದ ಬೆಳಗು, ಅಲುಗಾಡದ ಬಾತು: ಹಿನ್ನೀರಿನ ಒಂದು ಪ್ರಕರಣ

ಹಿನ್ನೆಲೆ

ಬಾಗಲಕೋಟೆ ಜಿಲ್ಲೆಯ ಒಂದು ಕಾಲೇಜಿನಲ್ಲಿ ಹಕ್ಕಿ ನೋಡುವ ಸಣ್ಣ ಗುಂಪೊಂದಿದೆ. ಕಾಲೇಜು ಯಾವುದು, ಜನ ಯಾರು ಅನ್ನೋದನ್ನ ಬೇಕಂತಲೇ ಬಿಟ್ಟಿದ್ದೇನೆ, ಕೆಲವು ವಿವರ ಬದಲಿಸಿಯೂ ಇದ್ದೇನೆ. ಜಾಗ ಆಲಮಟ್ಟಿ ಹಿನ್ನೀರಿನ ಒಂದು ಸೆರಗು. ಅಷ್ಟು ಹೇಳಿದರೆ ಯಾರಿಗೂ ಜಾಗ ಸಿಗಲ್ಲ. ಹಿನ್ನೀರು ಎರಡು ಜಿಲ್ಲೆಗೆ ಹರಡಿಕೊಂಡಿದೆ.

ಪ್ರತಿ ಜನವರಿಯಲ್ಲಿ ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್ ಅಂತ ನೀರುಹಕ್ಕಿಗಳ ಎಣಿಕೆ ನಡೆಯುತ್ತದೆ. 1987ರಿಂದ ನಡೆದುಬಂದ ಕೆಲಸ. ಈ ಗುಂಪೂ ತನ್ನ ಕಡೆಯ ಲೆಕ್ಕ ಕೊಡುತ್ತಿತ್ತು. ತೊಂದರೆ ಹೆಣ್ಣು ಬಾತುಗಳದ್ದು. ಗಂಡುಗಳನ್ನ ಗುರುತಿಸೋದು ಸುಲಭ. ಪಿನ್‌ಟೇಲ್ ಗಂಡಿಗೆ ಬಿಳಿ ಕತ್ತು, ಉದ್ದ ಚೂಪು ಬಾಲ. ಶೊವೆಲರ್ ಗಂಡಿಗೆ ಹಸಿರು ತಲೆ, ಇಟ್ಟಿಗೆ ಬಣ್ಣದ ಪಕ್ಕೆ. ಗಾರ್ಗೆನಿ ಗಂಡಿಗೆ ಎದ್ದು ಕಾಣೋ ಬಿಳಿ ಹುಬ್ಬು. ಹೆಣ್ಣು ಬಂತು ಅಂದ್ರೆ ಎಲ್ಲಾ ಒಂದೇ ಕಂದು. ಹುಡುಗರ ಪಟ್ಟಿಯಲ್ಲಿ "ಬಾತು, ಜಾತಿ ತಿಳಿಯದು" ಅನ್ನೋ ಸಾಲೇ ಎಲ್ಲಕ್ಕಿಂತ ದೊಡ್ಡದಾಗಿರುತ್ತಿತ್ತು.

ಗುಂಪು ನಡೆಸುವ ಪ್ರಾಣಿಶಾಸ್ತ್ರದ ಮೇಡಂ ಒಂದು ಆಲೋಚನೆ ಮಾಡಿದರು. ನಮ್ಮ ನೀರಿನ ಹೆಣ್ಣು ಬಾತುಗಳ ಫೋಟೊ ನಾವೇ ಹತ್ತಿರದಿಂದ ತೆಗೆದು, ಒಂದು ಹಾಳೆ ಮಾಡಿ ಎಣಿಕೆಗೆ ಹೋಗೋರ ಕೈಗೆ ಕೊಟ್ಟರೆ? ಆದರೆ ಹತ್ತಿರ ಹೋಗೋದು ಹೇಗೆ? ಈ ಹಿನ್ನೀರಿನ ದಂಡೆ ಬಟಾಬಯಲು. ಮರ ಇಲ್ಲ, ಪೊದೆ ಇಲ್ಲ. ನೀರು ಇಳಿದಂತೆ ಕೆಸರು ಬಯಲಾಗುತ್ತೆ. ಮನುಷ್ಯ ಎದ್ದು ನಿಂತರೆ ಸಾಕು, ಹಿಂಡು ದೂರದಲ್ಲೇ ಏಳುತ್ತೆ. ಹಾಗಾಗಿ ಜಾಲಿ ಕೊಂಬೆ, ಗೋಣಿಚೀಲದ ಒಂದು ಹೈಡ್ (ಹಕ್ಕಿಗೆ ಕಾಣದ ಹಾಗೆ ಕೂರುವ ಮರೆ) ಕಟ್ಟಿ, ಅದರ ಮುಂದೆ ಬೊಂಬೆ ಬಾತು ತೇಲಿಬಿಡೋಣ ಅಂತಾಯಿತು.

ಬೊಂಬೆ ಬಾತು ಬೇಟೆಗಾರರ ಸಾಮಾನು, ಅದರಲ್ಲಿ ಮುಚ್ಚಿಡೋದೇನಿಲ್ಲ. ಅಮೆರಿಕದ ನೆವಾಡಾದ ಲವ್‌ಲಾಕ್ ಗುಹೆಯಲ್ಲಿ 1924ರಲ್ಲಿ ಜೊಂಡಿನಿಂದ ಹೆಣೆದ ಬೊಂಬೆ ಬಾತುಗಳು ಸಿಕ್ಕವು. ಅವು ಸುಮಾರು 2000 ವರ್ಷ ಹಳೆಯವು. ಅಲ್ಲಿ ಈಗಲೂ ಲೈಸೆನ್ಸ್ ತೆಗೆದುಕೊಂಡು ಬಾತು ಬೇಟೆ ಮಾಡುತ್ತಾರೆ, ಬೊಂಬೆ ಬಳಸುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಅದರಲ್ಲಿ ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ. ಬಲೆ ಹಾಕುವುದು, ಅಟ್ಟುವುದು, ಆಮಿಷ ಒಡ್ಡುವುದು, ಅದಕ್ಕೆ ಪ್ರಯತ್ನಪಡುವುದು ಎಲ್ಲವೂ ಬೇಟೆಯೇ. ಬೊಂಬೆ ಇಟ್ಟು ಫೋಟೊ ತೆಗೆದರೆ ಅದು ಆಮಿಷವೇ ಅಲ್ಲವೇ ಅಂತ ವಾದ ಮಾಡಬಹುದು. ಮೇಡಂ ವಾದ ಮಾಡುತ್ತ ಕೂರಲಿಲ್ಲ, ಅರಣ್ಯ ಇಲಾಖೆಗೆ ಬರೆದು ಕೇಳಿದರು. ಕಾಳು ಹಾಕಬಾರದು, ರೆಕಾರ್ಡ್ ಮಾಡಿದ ಕೂಗು ಕೇಳಿಸಬಾರದು, ಹೋಗುವ ಮೊದಲು ಸಿಬ್ಬಂದಿಗೆ ತಿಳಿಸಬೇಕು, ಎಣಿಕೆ ಮುಗಿದ ಮೇಲೆ ಎಲ್ಲ ಕಿತ್ತು ತರಬೇಕು ಅಂತ ಷರತ್ತು ಹಾಕಿ ಲಿಖಿತ ಒಪ್ಪಿಗೆ ಬಂತು. ಒಪ್ಪಿಗೆ ಕಾಯುವುದರಲ್ಲಿ ಚಳಿಗಾಲದ ಒಂದಿಷ್ಟು ಒಳ್ಳೆ ದಿನ ಹೋದವು. ಹೋಗಲಿ. ಈ ಪ್ರಕರಣದ ಮೊದಲ ಸರಿಯಾದ ನಿರ್ಧಾರ ಅದೇ ಅಂತ ನನಗನಿಸುತ್ತೆ. ಮುಂದೆ ಆ ಕಾಗದ ಕೆಲಸಕ್ಕೂ ಬಂತು.

ಬೊಂಬೆಗಳನ್ನ ಮಾಡಿದ್ದು ಗುಂಪಿನ ಜೊತೆ ಬರುತ್ತಿದ್ದ ಒಬ್ಬ ಐಟಿಐ ಹುಡುಗ. ಮೊದಲು ಥರ್ಮಾಕೋಲ್ ಕೊರೆದ. ಅದರ ಕಾಳು ಉದುರಿ ನೀರಿಗೆ ಬೀಳುತ್ತೆ ಅಂತ ಬಿಟ್ಟ. ಆಮೇಲೆ ಒಣಗಿದ ಸೋರೆ ಬುರುಡೆ ತಂದ. ಹಿಂದೆ ಹಳ್ಳಿ ಹುಡುಗರು ಈಜು ಕಲಿಯಲು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದರಲ್ಲ, ಅದೇ. ಮೈ ಆಕಾರ ಸರಿಯಾಗಿ ಕೂತಿತು. ಬುರುಡೆ ನೀರಲ್ಲಿ ಉರುಳದಿರಲಿ ಅಂತ ಕೆಳಗೆ ಮರಳು ತುಂಬಿದ ಪಿವಿಸಿ ಪೈಪಿನ ತುಂಡು ಕಟ್ಟಿದ. ಸೀಸದ ಗುಂಡು ಬೇಡ ಅಂತ ಮೇಡಂ ಕಟ್ಟುನಿಟ್ಟಾಗಿ ಹೇಳಿದ್ದರು. ಕೆಸರಲ್ಲಿ ಬಿದ್ದ ಸೀಸವನ್ನ ಬಾತು ಕಲ್ಲುಹರಳಿನ ಜೊತೆ ನುಂಗಿದರೆ ವಿಷ. ಹೊಳಪಿಲ್ಲದ ಬಣ್ಣ ಬಳಿದು 18 ಬೊಂಬೆ ತಯಾರಾದವು.

ತೊಡಕು

ಸ್ವಲ್ಪ ಮೂಡಗಾಳಿ ಇದ್ದ ದಿನ ಬೊಂಬೆಗಳು ಚೆನ್ನಾಗಿಯೇ ಕೆಲಸ ಮಾಡಿದವು. ಹಗ್ಗದ ತುದಿಯಲ್ಲಿ ಅತ್ತಿತ್ತ ತಿರುಗಾಡುತ್ತಿದ್ದವು. ಹಿಂಡು ಬಂದು ಒಂದಿಷ್ಟು ದೂರದಲ್ಲಿ ಇಳಿಯುತ್ತಿತ್ತು.

ಆದರೆ ಡಿಸೆಂಬರ್ ಬೆಳಗು ಹೇಗಿರುತ್ತೆ ಅಂತ ಈ ಕಡೆಯವರಿಗೆ ಗೊತ್ತು. ಹೊತ್ತು ಹುಟ್ಟಿ ನೆಲ ಕಾಯುವ ತನಕ ಎಷ್ಟೋ ದಿನ ಒಂದು ಎಲೆಯೂ ಅಲುಗಲ್ಲ. ನೀರು ಕನ್ನಡಿ. ಫೋಟೊಗೆ ಬೇಕಾದ ಬೆಳಕು ಇರೋದೂ ಆಗಲೇ. ಅಂಥ ಬೆಳಗಿನಲ್ಲಿ ಹಿಂಡು ಬರುತ್ತಿತ್ತು, ಒಂದು ಸುತ್ತು ಹೊಡೆಯುತ್ತಿತ್ತು, ತಗ್ಗುತ್ತಿತ್ತು. ಬೊಂಬೆಗಳ ನೇರ ಮೇಲೆ ಬಂದ ಕೂಡಲೇ ರೆಕ್ಕೆ ಬಡಿದು ಎದ್ದು ಹೋಗಿಬಿಡುತ್ತಿತ್ತು.

ಕಾರಣ ಒಂದಲ್ಲ. ನೀರು ನಿಂತಾಗ ಪ್ರತಿ ಬೊಂಬೆಯ ಕೆಳಗೆ ಅದರ ನೆರಳು ಅಚ್ಚೊತ್ತಿದ ಹಾಗೆ ಕೂತಿರುತ್ತೆ, ಅಲುಗಾಡದ್ದು ಎದ್ದು ಕಾಣುತ್ತೆ. ರಾತ್ರಿಯ ಇಬ್ಬನಿ ಬೊಂಬೆಯ ಬೆನ್ನ ಮೇಲೆ ಕೂತು ಬೆಳಗಿನ ಓರೆ ಬಿಸಿಲಿಗೆ ಹೊಳೆಯುತ್ತೆ. ಮೂರನೆಯದು, ಬಾತುಗಳು ಗಾಳಿಗೆ ಮುಖ ಕೊಟ್ಟು ಇಳಿಯುತ್ತವೆ. ಗಾಳಿ ಇದ್ದರೆ ಅವು ಎಲ್ಲಿಂದ ಬಂದು ಎಲ್ಲಿ ಇಳಿಯುತ್ತವೆ ಅಂತ ಊಹಿಸಿ ಬೊಂಬೆಗಳ ನಡುವೆ ಜಾಗ ಬಿಡಬಹುದು. ಗಾಳಿಯೇ ಇಲ್ಲದಿದ್ದರೆ ಯಾವ ದಿಕ್ಕಿಂದಾದರೂ ಬರುತ್ತವೆ. ಹೈಡ್‌ನ ಹಿಂಭಾಗದಿಂದ ಬಂದರೆ ಒಳಗೆ ಕೂತವರ ತಲೆ ಸೀದಾ ಕಾಣುತ್ತೆ.

ಇಬ್ಬನಿಗೆ ಒಂದು ಬಟ್ಟೆ ಸಾಕಾಯಿತು. ಹೈಡ್‌ಗೆ ಮೇಲ್ಛಾವಣಿ ಹಾಕಿದರು. ಉಳಿದದ್ದು ಅಲುಗಾಟದ ಪ್ರಶ್ನೆ.

ಮೋಟಾರು, ಪಂಪು

ಹುಡುಗರು ಅಮೆರಿಕದ ಬೇಟೆಗಾರರ ವಿಡಿಯೊ ನೋಡಿದ್ದರು. ಅವುಗಳಲ್ಲಿ ಕಣ್ಣಿಗೆ ಬೀಳೋದು ತಿರುಗುವ ರೆಕ್ಕೆಯ ಬೊಂಬೆ. ರೆಕ್ಕೆಯ ಒಂದು ಮೈ ಬಿಳಿ, ಇನ್ನೊಂದು ಮೈ ಕಪ್ಪು. ಮೋಟಾರು ತಿರುಗಿಸಿದರೆ ಪಟಪಟ ಅಂತ ಬೆಳಕು ಮಿನುಗಿ, ಬಾತು ಇಳಿಯುತ್ತಿದೆ ಅನ್ನೋ ಭ್ರಮೆ ಹುಟ್ಟುತ್ತೆ. ಕ್ಯಾಲಿಫೋರ್ನಿಯಾದಲ್ಲಿ ಮೋಟಾರಿನ ಇಂಥ ಬೊಂಬೆಯನ್ನ ನವೆಂಬರ್ ಮುಗಿಯುವ ತನಕ ಬೇಟೆಗೆ ಬಳಸುವಂತಿಲ್ಲ. ಹೊಸದಾಗಿ ಬಂದ, ಅನುಭವ ಇಲ್ಲದ ಹಕ್ಕಿಗಳನ್ನ ಅದು ಅಷ್ಟು ಸೆಳೆಯುತ್ತೆ.

ಐಟಿಐ ಹುಡುಗ ಬೈಕ್ ಬ್ಯಾಟರಿ, ಸಣ್ಣ 12 ವೋಲ್ಟ್ ಮೋಟಾರು, ಪಿವಿಸಿ ಹಾಳೆ ಸೇರಿಸಿ ಒಂದನ್ನ ಮಾಡಿಯೇಬಿಟ್ಟ. ದೂರದ ಹಿಂಡು ತಿರುಗಿ ಬಂದಿದ್ದು ನಿಜ. ಹತ್ತಿರ ಬರುತ್ತಿದ್ದ ಹಾಗೆ ಹೆದರಿ ಚದುರಿದ್ದೂ ಅಷ್ಟೇ ನಿಜ. ಅಲ್ಲಿಯವರು ಹಕ್ಕಿ ಸಮೀಪಿಸಿದಾಗ ರಿಮೋಟ್ ಒತ್ತಿ ನಿಲ್ಲಿಸುತ್ತಾರೆ. ಇವನೂ ಬೈಕ್ ಲಾಕಿನ ರಿಮೋಟ್ ಕಿಟ್ ತಂದು ಜೋಡಿಸಿದ. ನಿಲ್ಲಿಸಿದರೂ ಫಲ ಅಷ್ಟಕ್ಕಷ್ಟೇ.

ಆಮೇಲೆ ಏರ್ ಕೂಲರ್‌ನ ಪಂಪು. ಅದೂ ಬ್ಯಾಟರಿಯಲ್ಲಿ ನಡೆಯುವ ಜಾತಿಯದ್ದು. ಒಂದು ಬೊಂಬೆಯ ಹೊಟ್ಟೆಗೆ ಕಟ್ಟಿ, ನೀರು ಪಕ್ಕಕ್ಕೆ ಚಿಮ್ಮುವ ಹಾಗೆ ಇಟ್ಟರು. ಬೊಂಬೆ ಹಿಂದಕ್ಕೆ ತಳ್ಳಿಸಿಕೊಂಡು ಗರಗರ ಸುತ್ತತೊಡಗಿತು. ಹೈಡ್‌ನಲ್ಲಿ ಕೂತವರಿಗೆ ನಗು ತಡೆಯಲಾಗಲಿಲ್ಲವಂತೆ. ಎರಡು ಕಡೆ ಕಟ್ಟಿ ನಿಲ್ಲಿಸಿದ ಮೇಲೆ ಅಲೆ ಚೆನ್ನಾಗಿ ಎದ್ದಿತು. ಆದರೆ ಪಂಪಿನ ಗುಂಯ್ ಸದ್ದು! ಗಾಳಿ ಇಲ್ಲದ ಚಳಿ ಬೆಳಗಿನಲ್ಲಿ ನೀರಿನ ಮೇಲೆ ತಂಪು ಗಾಳಿ, ಅದರ ಮೇಲೆ ಬೆಚ್ಚನೆ ಗಾಳಿ ಇರುತ್ತೆ. ಸದ್ದು ಮೇಲೆ ಹೋಗಿ ಚದುರುವ ಬದಲು ಬಾಗಿ ಕೆಳಗೇ ಬರುತ್ತೆ, ಬಹಳ ದೂರ ಕೇಳುತ್ತೆ. ಆಚೆ ದಂಡೆಯ ಮೀನುಗಾರರ ಮಾತು ಈಚೆ ಕೇಳಿಸೋದು ಅದಕ್ಕೇ. ಮೇಲಾಗಿ ಪಂಪಿನ ಜಾಳಿಗೆಗೆ ಕೆಸರು ಮೆತ್ತಿಕೊಂಡು ಅದು ಆಗಾಗ ಕಟ್ಟಿಕೊಳ್ಳುತ್ತಿತ್ತು.

ಕಾಕಾನ ಮಾತು

ದಂಡೆಯಲ್ಲಿ ಗುಡಿಸಲು ಹಾಕಿಕೊಂಡ ಒಬ್ಬ ವಯಸ್ಸಾದ ಮೀನುಗಾರರಿದ್ದರು. ಎಲ್ಲರೂ ಕಾಕಾ ಅನ್ನುತ್ತಿದ್ದರು. ಬೊಂಬೆಗಳನ್ನ ಅವರ ಗುಡಿಸಲಲ್ಲೇ ಇಟ್ಟು ಬರುತ್ತಿದ್ದರು. ಮೋಟಾರಿನ ಪ್ರಯೋಗಗಳನ್ನೆಲ್ಲ ಬೀಡಿ ಸೇದುತ್ತ ನೋಡಿದ ಅವರು ಒಂದು ದಿನ ಹೇಳಿದರು: "ತಮ್ಮಾ, ಹಕ್ಕಿ ನೋಡಾಕ ಬಂದೀವಿ ಅಂತೀರಿ. ಹಕ್ಕಿ ಏನ್ ಮಾಡಾಕತ್ತಾವ ಅಂತ ಒಬ್ರೂ ನೋಡವಲ್ರಿ. ಬರೇ ಗೊಂಬಿ ನೋಡ್ಕೋತ ಕುಂತೀರಿ."

ಅವರು ಇನ್ನೊಂದನ್ನೂ ಹೇಳಿದರು. ಹಿಂದೆ ಬಾತು ಹಿಡಿಯುವವರು ಖಾಲಿ ಗಡಿಗೆಗಳನ್ನ ದಿನಗಟ್ಟಲೆ ಸುಮ್ನೆ ತೇಲಿಬಿಡುತ್ತಿದ್ದರಂತೆ. ಹಕ್ಕಿಗೆ ಗಡಿಗೆ ರೂಢಿಯಾದ ಮೇಲೆ ಒಬ್ಬ ತಾನೂ ಗಡಿಗೆ ತಲೆಗೆ ಹಾಕಿಕೊಂಡು ಕುತ್ತಿಗೆ ಮಟ್ಟದ ನೀರಲ್ಲಿ ಮೆಲ್ಲಗೆ ಹೋಗಿ ಕಾಲು ಹಿಡಿದು ಎಳೆಯುತ್ತಿದ್ದನಂತೆ. ಇಂಥ ಬೇಟೆಯ ಕಥೆ ಬೇರೆ ಕಡೆಯೂ ಕೇಳಿಬರುತ್ತೆ. ಅಲ್ಲಿ ಗಡಿಗೆ ಬಾತಿನ ಹಾಗೆ ಕಾಣೋದೂ ಬೇಕಿರಲಿಲ್ಲ, ಕುಣಿಯೋದೂ ಬೇಕಿರಲಿಲ್ಲ. ಹೊಸದು ಅನಿಸದಿದ್ದರೆ ಸಾಕಿತ್ತು.

ಮೇಡಂ ಬೊಂಬೆ, ಬ್ಯಾಟರಿ ಎಲ್ಲಾ ಬದಿಗಿಡಿಸಿದರು. ಕೆಲವು ದಿನ ದೂರದ ದಿಬ್ಬದಿಂದ ಬರೀ ನಿಜವಾದ ಹಿಂಡು ನೋಡಬೇಕು, ಅದೂ ಗಾಳಿ ಇಲ್ಲದ ಬೆಳಗಿನಲ್ಲೇ. ಹುಡುಗರಿಗೆ ಬೇಜಾರಾಯಿತು. ಇಡೀ ಪ್ರಕರಣ ತಿರುಗಿದ್ದು ಅಲ್ಲೇ.

ಅವರು ಕಂಡದ್ದು ಇಷ್ಟು. ಚಳಿಗಾಲದಲ್ಲಿ ಪಿನ್‌ಟೇಲ್‌ನಂಥ ಬಾತುಗಳು ಹೆಚ್ಚಾಗಿ ರಾತ್ರಿ ಮೇಯುತ್ತವೆ, ಹಗಲು ಗುಂಪುಗೂಡಿ ವಿಶ್ರಾಂತಿ ತೆಗೆದುಕೊಳ್ಳುತ್ತವೆ. ಬೆಳಿಗ್ಗೆ ಹಿನ್ನೀರಿಗೆ ಬರುವ ಹಿಂಡು ಮೇಯಲು ಬಂದದ್ದಲ್ಲ, ಮಲಗಲು ಬಂದದ್ದು. ಅದು ಹುಡುಕೋದು ನಿಶ್ಚಿಂತೆಯಾಗಿ ನಿದ್ದೆ ಮಾಡುತ್ತಿರುವ ಜೊತೆಯವರನ್ನ. ಹೈಡ್‌ನ ಮುಂದೆ ಇದ್ದದ್ದೋ ತಲೆ ಎತ್ತಿ ನಿಂತ 18 ಬಾತು. ಬಾತುಗಳೆಲ್ಲ ಒಟ್ಟಿಗೆ ತಲೆ ಎತ್ತೋದು ಗಾಬರಿಯಾದಾಗ.

ಇನ್ನೂ ಸೂಕ್ಷ್ಮವಾದದ್ದೊಂದು ಕಣ್ಣಿಗೆ ಬಿತ್ತು. ಮಲಗಿದ ಹಿಂಡಿನಲ್ಲಿ ಹೆಚ್ಚಿನವು ಕೊಕ್ಕನ್ನ ಬೆನ್ನಿನ ಗರಿಯೊಳಗೆ ತೂರಿಸಿ ಇದ್ದಲ್ಲೇ ಇರುತ್ತವೆ. ಒಂದು ಹಕ್ಕಿ ಎಚ್ಚರಾಗಿ ಗರಿ ತೀಡಿಕೊಳ್ಳುತ್ತೆ, ನೀರಲ್ಲಿ ಎದ್ದು ನಿಂತು ಎರಡು ಸಲ ರೆಕ್ಕೆ ಒದರಿ ಮತ್ತೆ ಕೂರುತ್ತೆ. ಅಲ್ಲಿಂದ ಒಂದು ಬಳೆ ಅಲೆ ಹೊರಡುತ್ತೆ. ಅದು ಪಕ್ಕದ ಹಕ್ಕಿಯನ್ನ ಕೂದಲೆಳೆಯಷ್ಟು ಎತ್ತಿ ಇಳಿಸುತ್ತೆ, ಆಮೇಲೆ ಅದರಾಚೆಯದನ್ನ, ಆಮೇಲೆ ಅದರಾಚೆಯದನ್ನ. ನಿದ್ದೆಯಲ್ಲಿರುವ ಒಂದೂ ಕಣ್ಣು ಬಿಡಲ್ಲ. ಅಲೆ ದಾಟಿ ಹೋದ ಮೇಲೆ ಮತ್ತೆ ಎಲ್ಲ ಸ್ತಬ್ಧ. ಅಂದ್ರೆ ಅಲುಗಬೇಕಾದದ್ದು ಬೊಂಬೆಯಲ್ಲ, ನೀರು. ಅದೂ ಆಗಾಗ, ಒಂದು ಕಡೆಯಿಂದ.

ಶೊವೆಲರ್‌ಗಳ ರೀತಿ ಬೇರೆ. ಅವು ಹಗಲಲ್ಲೂ ಗುಂಪಾಗಿ ವೃತ್ತದಲ್ಲಿ ಸುತ್ತುತ್ತ, ನೀರು ಕಲಕಿ ಸೋಸಿ ತಿನ್ನುತ್ತವೆ. ಅವುಗಳ ನಡುವೆ ನೀರು ಸದಾ ಕದಡಿರುತ್ತೆ. ಅವನ್ನ ಬೊಂಬೆಯಿಂದ ಅನುಕರಿಸುವ ಪ್ರಯತ್ನವನ್ನೇ ಗುಂಪು ಕೈಬಿಟ್ಟಿತು. ಪಿನ್‌ಟೇಲ್ ಇಳಿದರೆ ಅದರ ಹಿಂದೆ ಉಳಿದವೂ ಬರುತ್ತವೆ ಅನ್ನೋ ಲೆಕ್ಕಾಚಾರ. ಅದು ಮುಕ್ಕಾಲು ಪಾಲು ಸರಿಹೋಯಿತು.

ಹಗ್ಗ

ಐಟಿಐ ಹುಡುಗ ಚೂರಿ ತೆಗೆದುಕೊಂಡು ಕೂತ. ಮುಕ್ಕಾಲು ಬೊಂಬೆಗಳ ತಲೆ ಕಿತ್ತು, ಹಿಂದಕ್ಕೆ ತಿರುಗಿಸಿ, ಬೆನ್ನಿಗೆ ಅಂಟಿಸಿದ. ಮೋಟಾರಿಗೆ ಪಟ್ಟ ಶ್ರಮಕ್ಕೆ ಹೋಲಿಸಿದರೆ ಇದು ಅರ್ಧ ದಿನದ ಕೆಲಸ.

ಅಲುಗಾಟಕ್ಕೆ ಹಗ್ಗವೇ ಸಾಕಾಯಿತು. ಇದೂ ಹಳೇ ಬೇಟೆಗಾರರ ಉಪಾಯವೇ. ಮೊಣಕಾಲುದ್ದ ನೀರಲ್ಲಿ ದೂರದ ತುದಿಗೆ ಒಂದು ಕಬ್ಬಿಣದ ಸರಳು ಬಡಿದು ನಿಲ್ಲಿಸಬೇಕು. ಅದಕ್ಕೆ ಸೈಕಲ್ ಟ್ಯೂಬಿನ ಪಟ್ಟಿ, ಪಟ್ಟಿಗೆ ಗಾಢ ಹಸಿರು ನೈಲಾನ್ ಹಗ್ಗ. ಹಗ್ಗದ ಮೇಲೆ ಎರಡು ಮಾರಿಗೊಂದರಂತೆ ಮೂರು ಬೊಂಬೆ. ಇತ್ತ ಹೈಡ್ ಕಡೆ ಇನ್ನೊಂದು ಸರಳಿನ ಬುಡದಲ್ಲಿ ಬಳೆ ಹಾಕಿ, ಹಗ್ಗ ಅದರೊಳಗಿಂದ ನುಸುಳಿ ನೀರಿನ ಅಡಿಯಲ್ಲೇ ಬರುವ ಹಾಗೆ ಮಾಡಿದರು. ಎಳೆದರೆ ಬೊಂಬೆ ಮುಂದೆ ಬರುತ್ತೆ, ಬಿಟ್ಟರೆ ಟ್ಯೂಬು ಹಿಂದಕ್ಕೆ ಎಳೆದುಕೊಳ್ಳುತ್ತೆ. ಉಳಿದ ಬೊಂಬೆಗಳನ್ನ ಸಡಿಲ ದಾರದಲ್ಲಿ ಸುತ್ತ ಕಟ್ಟಿದರು. ಅಲೆ ಬಂದಾಗ ಅವು ತಾವಾಗಿಯೇ ಏರಿಳಿಯುತ್ತವೆ.

ಎಳೆಯೋದನ್ನ ಕಲಿಯಲು ಸಮಯ ಹಿಡಿಯಿತು. ವಿಡಿಯೊದಲ್ಲಿ ತೋಳು ಉದ್ದಕ್ಕೂ ಎಳೆಯುತ್ತಾರೆ. ಗಾಳಿ ಇಲ್ಲದ ನೀರಲ್ಲಿ ಅದು ಅತಿಯಾಯಿತು, ಬೊಂಬೆ ಮುಗ್ಗರಿಸುತ್ತಿತ್ತು. ಒಂದು ಗೇಣು ಎಳೆದು ಮೆಲ್ಲಗೆ ಬಿಟ್ಟರೆ ಸಾಕು. ಹಿಂಡು ದೂರದಲ್ಲಿ ಅಡ್ಡ ಹಾರುವಾಗ ಒಮ್ಮೆ. ಸುತ್ತು ಹೊಡೆದು ಬಾಲ ನಮ್ಮ ಕಡೆ ಮಾಡಿದಾಗ ಇನ್ನೊಮ್ಮೆ. ಮುಖ ಈ ಕಡೆ ತಿರುಗಿತು ಅಂದರೆ ಕೈ ಬಿಡಬೇಕು. ಎದ್ದ ಅಲೆ ಇನ್ನೂ ಸ್ವಲ್ಪ ಹೊತ್ತು ಓಡಾಡುತ್ತಿರುತ್ತೆ, ಅದೇ ಉಳಿದ ಕೆಲಸ ಮಾಡುತ್ತೆ. ಗುಂಪಿನಲ್ಲಿ ಚೆನ್ನಾಗಿ ಎಳೆಯುತ್ತಿದ್ದವಳು ಎಲ್ಲರಿಗಿಂತ ಮೌನಿಯಾದ ಹುಡುಗಿ. ಉಳಿದವರಿಗೆ ಕೈ ಸುಮ್ನೆ ಇರುತ್ತಿರಲಿಲ್ಲ.

ಹಿನ್ನೀರು ದಿನದಿಂದ ದಿನಕ್ಕೆ ಇಳಿಯುತ್ತೆ. ನೆಲದ ಇಳಿಜಾರು ಬಹಳ ಕಡಿಮೆ. ನೀರಿನ ಮಟ್ಟ ಸ್ವಲ್ಪ ತಗ್ಗಿದರೂ ದಂಡೆ ಮಾರುಗಟ್ಟಲೆ ಹಿಂದಕ್ಕೆ ಸರಿಯುತ್ತೆ. ಹಾಗಾಗಿ ಸರಳುಗಳನ್ನ ಮತ್ತೆ ಮತ್ತೆ ಕಿತ್ತು ಮುಂದಕ್ಕೆ ಹುಗಿಯಬೇಕಾಯಿತು. ಹಗ್ಗವನ್ನ ಬಿಗಿಯಾಗಿಯೇ ಇಡಬೇಕು, ಕೆಲಸ ಮುಗಿದ ಕೂಡಲೇ ಸುತ್ತಿ ತರಬೇಕು ಅನ್ನೋದು ಇನ್ನೊಂದು ಕಟ್ಟಳೆ. ಸಡಿಲ ಹಗ್ಗಕ್ಕೆ ಹಕ್ಕಿಯ ಕಾಲು ಸಿಕ್ಕಿದರೆ ಮುಗೀತು.

ಏನಾಯಿತು

ಪಿನ್‌ಟೇಲ್‌ಗಳು ಇಳಿದವು, ಗಾರ್ಗೆನಿಗಳು ಹಿಂದೆಯೇ ಬಂದವು. ಬೊಂಬೆಗಳ ಪಕ್ಕದಲ್ಲೇ ಕೊಕ್ಕು ಬೆನ್ನಿಗೆ ಸೇರಿಸಿ ಮಲಗಿದವು. ಬೇಕಾದ ಫೋಟೊಗಳು ಸಿಕ್ಕವು. ಪಿನ್‌ಟೇಲ್ ಹೆಣ್ಣಿನ ಬೂದು ಕೊಕ್ಕು, ನೀಳ ಕತ್ತು. ಶೊವೆಲರ್ ಹೆಣ್ಣಿನ ಅಗಲ ಕೊಕ್ಕು, ಅದರ ಅಂಚಿನ ಕಿತ್ತಳೆ. ಗಾರ್ಗೆನಿ ಹೆಣ್ಣಿನ ಮುಖದ ಗೆರೆಗಳು, ಕೊಕ್ಕಿನ ಬುಡದ ತಿಳಿ ಚುಕ್ಕೆ. ಗ್ಯಾಡ್‌ವಾಲ್ ಅನ್ನೋ ಇನ್ನೊಂದು ಜಾತಿಯ ಬಾತಿನ ಹೆಣ್ಣು ಮಾತ್ರ ಸಿಗಲಿಲ್ಲ.

ಒಂದು ಹೊಸ ತೊಂದರೆ ಹುಟ್ಟಿತು. ಹಿಂಡು ಹೈಡ್ ಮುಂದೆ ಮಲಗಿಬಿಟ್ಟರೆ ಒಳಗಿದ್ದವರು ಹೊರಗೆ ಬರೋದು ಹೇಗೆ? ಒಮ್ಮೆ ಹುಡುಗರು ಹಸಿವಾಯಿತು ಅಂತ ಎದ್ದರು. ಇಡೀ ಹಿಂಡು ಎದ್ದು ಹೋಯಿತು, ಆ ದಿನ ತಿರುಗಿ ಬರಲಿಲ್ಲ. ರಾತ್ರಿಯೆಲ್ಲ ಮೇದು ಬಂದ ಹಕ್ಕಿಯ ನಿದ್ದೆ ಕೆಡಿಸಿದ ಹಾಗಾಯಿತು. ಆಮೇಲೆ ಹಿಂಡು ತಾನಾಗಿ ಸರಿಯುವ ತನಕ ಯಾರೂ ಏಳಬಾರದು ಅಂತ ಮೇಡಂ ಕಟ್ಟಳೆ ಮಾಡಿದರು. ಕೆಲವು ಸಲ ಮಧ್ಯಾಹ್ನದ ತನಕ ಕೂರಬೇಕಾಯಿತು. ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರುವ ರೂಢಿ ಆಗ ಶುರುವಾಯಿತು. ಅಗಿಯುವಾಗ ಸದ್ದಾಗುತ್ತೆ ಅಂತ ಆಮೇಲೆ ಚಪಾತಿಗೆ ಬದಲಾಯಿತು.

ನಿಜವಾದ ಪೆಟ್ಟು ಬೇರೆ ಕಡೆಯಿಂದ ಬಂತು. ಬೈಕ್ ಮೇಲೆ ಬಂದ ಒಬ್ಬ ಎರಡು ದಿನ ದಂಡೆಯಲ್ಲಿ ನಿಂತು ನೋಡಿದ. ಆಮೇಲೆ ಕಾಕಾನ ಹತ್ತಿರ ಹೋಗಿ, ಆ ಗೊಂಬಿ, ಹಗ್ಗ ಒಂದು ಜೊತೆ ಕೊಡಿಸ್ರಿ, ರೊಕ್ಕ ಎಷ್ಟಾದರೂ ಕೊಡ್ತೀನಿ ಅಂದನಂತೆ. ಹುಡುಗರ ಹತ್ತಿರ ಕೇಳದೆ ಕಾಕಾನ ಹತ್ತಿರ ಕೇಳಿದ್ದೇ ಅನುಮಾನಕ್ಕೆ ಸಾಕು. ಕಾಕಾ ಬೈದು ಕಳಿಸಿದರು. ಕೆಲವು ದಿನದಲ್ಲಿ ಗುಡಿಸಲಿಂದ ಎರಡು ಬೊಂಬೆ ಕಾಣೆಯಾದವು.

ಗುಂಪಿನಲ್ಲಿ ಜೋರು ಚರ್ಚೆ ನಡೆಯಿತು. ಐಟಿಐ ಹುಡುಗ ಮುಂದುವರಿಸೋಣ ಅಂದ. ಗ್ಯಾಡ್‌ವಾಲ್ ಬಾಕಿ ಇದೆ, ಬೊಂಬೆಗಳನ್ನ ದಿನಾ ಮನೆಗೆ ಒಯ್ಯೋಣ, ಕಳ್ಳ ಬಂದ ಅಂತ ನಾವ್ಯಾಕೆ ನಿಲ್ಲಿಸಬೇಕು ಅಂತ ಅವನ ವಾದ. ಅದರಲ್ಲಿ ಹುರುಳಿಲ್ಲ ಅನ್ನೋ ಹಾಗಿಲ್ಲ. ಮೇಡಂ ಬೇರೆ ಥರ ಯೋಚಿಸಿದರು. ಈ ಜಾಗದಲ್ಲಿ ಬೊಂಬೆಗಳ ಪಕ್ಕ ಮಲಗಿದರೆ ಏನೂ ಆಗಲ್ಲ ಅಂತ ನಾವು ಹಿಂಡಿಗೆ ಕಲಿಸಿಬಿಟ್ಟಿದ್ದೇವೆ. ನಾಳೆ ಅದೇ ಜಾಗಕ್ಕೆ ಕದ್ದ ಬೊಂಬೆ ತಂದು ಬಲೆ ಹಾಕಿದರೆ? ಕಾಕಾನ ಗಡಿಗೆ ಕಥೆ ನೆನಪಿದ್ದವರಿಗೆ ಈ ವಾದ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಣಿಕೆಗೆ ಇನ್ನೂ ದಿನ ಇರುವಾಗಲೇ ಹೈಡ್, ಸರಳು, ಹಗ್ಗ ಎಲ್ಲ ಕಿತ್ತು ತಂದರು. ಬೊಂಬೆ ಕಳುವಾದದ್ದನ್ನ ಅರಣ್ಯ ಸಿಬ್ಬಂದಿಗೆ ಬರೆದು ಕೊಟ್ಟರು. ಲಿಖಿತ ಒಪ್ಪಿಗೆ ಇದ್ದದ್ದರಿಂದ ನೀವೇನು ಮಾಡುತ್ತಿದ್ದಿರಿ ಅಂತ ಯಾರೂ ಕೇಳಲಿಲ್ಲ. ಸಿಬ್ಬಂದಿ ಆ ಕಡೆ ಬೆಳಗಿನ ಗಸ್ತು ತಿರುಗತೊಡಗಿದರು. ನನ್ನ ಮಟ್ಟಿಗೆ ಮೇಡಂ ಮಾಡಿದ್ದೇ ಸರಿ, ಒಂದು ವಾರ ಮೊದಲೇ ಮಾಡಿದ್ದರೆ ಇನ್ನೂ ಒಳ್ಳೆಯದಿತ್ತು.

ಹಾಗಾದರೆ ಹಗ್ಗದ ವಿವರ ಇಲ್ಲಿ ಯಾಕೆ ಬರೆದೆ ಅಂತ ಕೇಳಬಹುದು. ಬೇಟೆಗಾರರಿಗೆ ಅದು ಹೊಸದಲ್ಲ, ವಿಡಿಯೊಗಳಲ್ಲಿ ಬೇಕಾದಷ್ಟಿದೆ. ಮುಚ್ಚಿಡಬೇಕಾದದ್ದು ಜಾಗ, ಹಿಂಡು ಬರುವ ಹೊತ್ತು. ಫೋಟೊ ಹಂಚುವವರು ಲೊಕೇಶನ್ ಹಾಕೋದನ್ನ ಬಿಟ್ಟರೆ ಅದರಿಂದ ಆಗುವ ಉಪಕಾರ ದೊಡ್ಡದು.

ಈಗ

ಆ ಜನವರಿ ಎಣಿಕೆಯಲ್ಲಿ ಫೋಟೊ ಹಾಳೆ ಕೈಯಲ್ಲಿತ್ತು. "ಜಾತಿ ತಿಳಿಯದು" ಸಾಲು ಚಿಕ್ಕದಾಯಿತು. ಎಷ್ಟು ಅಂತ ಲೆಕ್ಕ ಹಾಕೋದು ಕಷ್ಟ, ಹಿಂಡುಗಳೂ ವರ್ಷ ವರ್ಷ ಬದಲಾಗುತ್ತವೆ.

ಆಮೇಲೆ ಒಬ್ಬರು ಹಳೆ ವಿದ್ಯಾರ್ಥಿ ಸ್ಪಾಟಿಂಗ್ ಸ್ಕೋಪ್ ಒಂದನ್ನ, ಅಂದರೆ ಸ್ಟ್ಯಾಂಡ್ ಮೇಲಿಟ್ಟು ದೂರದ ಹಕ್ಕಿ ನೋಡುವ ದುರ್ಬೀನನ್ನ, ಎರವಲು ಕೊಟ್ಟರು. ಅದರ ಕಣ್ಣಿಗೆ ಮೊಬೈಲ್ ಹಿಡಿದು ಫೋಟೊ ತೆಗೆಯಬಹುದು. ಬಿಸಿಲೇರಿದ ಮೇಲೆ ನೆಲದಿಂದ ಝಳ ಎದ್ದು ದೂರದ ಚಿತ್ರವೆಲ್ಲ ನಡುಗುತ್ತೆ, ಸ್ಕೋಪ್ ಕೆಲಸಕ್ಕೆ ಬರಲ್ಲ. ಗಾಳಿ ಇಲ್ಲದ ತಂಪು ಬೆಳಗಿನಲ್ಲಿ ಸ್ಟ್ಯಾಂಡ್ ಅಲುಗಲ್ಲ, ಝಳವೂ ಇರಲ್ಲ, ದೂರದ ದಿಬ್ಬದಿಂದಲೇ ಕೊಕ್ಕಿನ ಬಣ್ಣ ಕಾಣುತ್ತೆ. ಬೊಂಬೆಗೆ ಕೆಟ್ಟದಾಗಿದ್ದ ಬೆಳಗು ಸ್ಕೋಪ್‌ಗೆ ಎಲ್ಲಕ್ಕಿಂತ ಒಳ್ಳೆಯದು ಅಂತಾಯಿತು.

ಉಳಿದ 16 ಬೊಂಬೆಗಳು ಕಾಲೇಜಿನ ಲ್ಯಾಬ್‌ನಲ್ಲಿವೆ. ಮಲಗಿದ ಬಾತು, ಗಾಬರಿಯಾದ ಬಾತು ಹೇಗಿರುತ್ತೆ ಅಂತ ಹೊಸ ಹುಡುಗರಿಗೆ ತೋರಿಸಲು ಅವನ್ನ ಬಳಸುತ್ತಾರೆ. ಮುಂದಿನ ಚಳಿಗಾಲಕ್ಕೆ ಇಲಾಖೆಗೆ ಬರೆದ ಪತ್ರದಲ್ಲಿ ಸ್ಕೋಪ್, ದಿಬ್ಬ ಎರಡನ್ನೇ ಕೇಳಿದ್ದಾರೆ. ಐಟಿಐ ಹುಡುಗ ಇನ್ನೂ ಒಪ್ಪಿಲ್ಲ. ಗ್ಯಾಡ್‌ವಾಲ್ ಹೆಣ್ಣಿನ ರೆಕ್ಕೆಯ ಬಿಳಿ ಚೌಕ ಸ್ಕೋಪಿನಲ್ಲಿ ಸರಿಯಾಗಿ ಸಿಗೋ ತನಕ ತನ್ನ ಹಗ್ಗವೇ ಮೇಲು ಅಂತಾನೆ.